ಕರ್ನಾಟಕ ಸಂಗೀತ ಕೇಳಲು ಶುರು ಮಾಡುವವರಿಗೆ: ಯಾವ ಕೃತಿ ಮೊದಲು, ಯಾವುದು ಆಮೇಲೆ, ಹೇಗೆ ಕೇಳಬೇಕು

"ಎಲ್ಲಾ ಒಂದೇ ಥರ ಕೇಳ್ಸುತ್ತೆ ಅಕ್ಕಾ."

ನಮ್ಮ ಚಿಕ್ಕಪ್ಪನ ಮಗಳು ಹೀಗಂದಾಗ ನಾನು ಅವಳಿಗೆ ಪಟ್ಟಿ ಕೊಟ್ಟು ಹತ್ತು ದಿನ ಆಗಿತ್ತು. ಎಂಬತ್ತು ಕೃತಿಗಳ ಪಟ್ಟಿ. ಎಲ್ಲವೂ ಒಳ್ಳೆಯವೇ, ಹಾಡಿದವರೆಲ್ಲ ದೊಡ್ಡ ವಿದ್ವಾಂಸರೇ. ಅವಳು ಮೇಲಿನಿಂದ ಶುರು ಮಾಡಿದ್ದಾಳೆ. ಎರಡನೆಯದೇ ಮುಕ್ಕಾಲು ಗಂಟೆಯ ತೋಡಿ ರಾಗದ ಕೃತಿ. ಅಲ್ಲಿಗೇ ನಿಲ್ಲಿಸಿದ್ದಾಳೆ. ಅವಳ ಕಿವಿಯಲ್ಲಿ ಏನೂ ದೋಷ ಇರಲಿಲ್ಲ, ನಾನು ಕೊಟ್ಟ ಪಟ್ಟಿಯೇ ಸರಿ ಇರಲಿಲ್ಲ.

ಆಮೇಲೆ ಇದೇ ಮಾತನ್ನು ಎಷ್ಟೋ ಜನರ ಬಾಯಲ್ಲಿ ಕೇಳಿದೆ. ವಿಚಾರಿಸಿದರೆ ಪ್ರತಿ ಸಲವೂ ಅದೇ ಕಾರಣಗಳು: ಒಂದೇ ಸಲಕ್ಕೆ ಜಾಸ್ತಿ ಕೇಳಿರುತ್ತಾರೆ, ಉದ್ದದ್ದನ್ನು ಮೊದಲೇ ಕೇಳಿರುತ್ತಾರೆ, ಯಾವುದನ್ನೂ ಎರಡನೇ ಸಲ ಕೇಳಿರುವುದಿಲ್ಲ. ಹಾಗಾಗಿ ಇಲ್ಲಿ ಹನ್ನೆರಡೇ ಕೃತಿ ಇಟ್ಟಿದ್ದೇನೆ. ಒಂದೊಂದೂ ಕಿವಿಗೆ ಒಂದೊಂದು ಹೊಸ ಕೆಲಸ ಕಲಿಸುತ್ತದೆ, ಆರಿಸಿದ್ದು ಆ ಕಾರಣಕ್ಕೆ. ದಿನಕ್ಕೆ 20 ನಿಮಿಷ ಕೊಟ್ಟರೆ ಸುಮಾರು ಎರಡು ತಿಂಗಳಲ್ಲಿ ಮುಗಿಯುತ್ತದೆ. ಕ್ರಮ ಮಾತ್ರ ಬದಲಿಸಬೇಡಿ.

ಶುರು ಮಾಡುವ ಮುಂಚೆ ಬೇಕಾದವು

ಇಯರ್‌ಫೋನ್ ಬೇಕೇ ಬೇಕು. ದುಬಾರಿಯದ್ದೇನೂ ಬೇಡ, ಸಾಧಾರಣ ವೈರ್ ಇರುವುದು ಸಾಕು. ಫೋನಿನ ಸ್ಪೀಕರ್‌ನಲ್ಲಿ ಎರಡು ವಿಷಯ ಕಳೆದುಹೋಗುತ್ತವೆ: ಹಿಂದೆ ಮಿಡಿಯುವ ತಂಬೂರಿ, ಮತ್ತು ಮೃದಂಗದ ಎಡಗಡೆಯ ದಪ್ಪ ಸದ್ದು. ಇವೆರಡೂ ಇಲ್ಲದಿದ್ದರೆ ಹಾಡಿಗೆ ನೆಲವೇ ಇಲ್ಲದಂತೆ ಆಗುತ್ತದೆ.

ಒಂದು ತಂಬೂರಿ ಆ್ಯಪ್ ಹಾಕಿಕೊಳ್ಳಿ. ಉಚಿತವಾಗಿ ಬೇಕಾದಷ್ಟು ಸಿಗುತ್ತವೆ.

ಒಂದು ನೋಟ್‌ಬುಕ್ಕು. ಪ್ರತಿ ಕೃತಿಗೂ ಅರ್ಧ ಪುಟ ಬಿಡಿ. ಕೃತಿ, ರಾಗ, ತಾಳ, ಹಾಡಿದವರು, ಎಷ್ಟು ನಿಮಿಷ, ಎಷ್ಟನೇ ಸಲ ಕೇಳಿದ್ದು. ಕೆಳಗೆ ಒಂದೇ ಒಂದು ಸಾಲು: ಇವತ್ತು ಹೊಸದಾಗಿ ಕಿವಿಗೆ ಬಿದ್ದದ್ದು ಏನು? "ಮಧ್ಯದಲ್ಲಿ ಪಿಟೀಲು ಅದನ್ನೇ ತಿರುಗಿ ನುಡಿಸಿತು" ಅಂತ ಬರೆದರೂ ಸಾಕು. ಈ ಒಂದು ಸಾಲು ಬರೆಯದವರು ಮೂರನೇ ವಾರಕ್ಕೆ ಬಿಟ್ಟುಬಿಡುವುದನ್ನು ತುಂಬಾ ಸಲ ನೋಡಿದ್ದೇನೆ.

ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ ಕೇಳುವುದು ಬೇಡ ಅಂತಲ್ಲ, ಕೇಳಿ. ಆದರೆ ಅದು ಈ 20 ನಿಮಿಷದ ಲೆಕ್ಕಕ್ಕೆ ಬರುವುದಿಲ್ಲ.

ಸರಿಯಾದ ಧ್ವನಿಮುದ್ರಿಕೆ ಆರಿಸುವುದು

ಕೃತಿಯ ಹೆಸರು ಒಂದನ್ನೇ ಹಾಕಿ ಹುಡುಕಿದರೆ ಏನೇನೋ ಬರುತ್ತದೆ. ಕೃತಿ, ರಾಗ, ಹಾಡಿದವರು, ಮೂರನ್ನೂ ಸೇರಿಸಿ ಹುಡುಕಿ. ಸಿಕ್ಕಿದ ಮೇಲೆ ಇಷ್ಟು ನೋಡಿಕೊಳ್ಳಿ.

ಪಿಟೀಲು, ಮೃದಂಗ ಯಾರದ್ದು ಅಂತ ಹಾಕಿದ್ದಾರಾ? ಹಾಕಿದ್ದರೆ ಸಾಮಾನ್ಯವಾಗಿ ಅದು ಸಂಗೀತದ ಬಗ್ಗೆ ಕಾಳಜಿ ಇರುವವರು ಏರಿಸಿದ್ದು. ಬರೀ ದೇವರ ಚಿತ್ರ, ಹಾಡಿದವರ ಹೆಸರೇ ಇಲ್ಲ, ಹಿಂದೆ ಕೀಬೋರ್ಡು, ಮಳೆಯ ಸದ್ದು ಇದ್ದರೆ ಬಿಟ್ಟುಬಿಡಿ.

ವೇಗ ಕೆಟ್ಟಿದೆಯಾ ಅಂತಲೂ ಪರೀಕ್ಷಿಸಬೇಕು. ಹಳೆಯ ಕ್ಯಾಸೆಟ್‌ನಿಂದ ಇಳಿಸಿದವುಗಳಲ್ಲಿ ಇದು ಜಾಸ್ತಿ. ಶ್ರುತಿ ಅಂದರೆ ಹಾಡಿಗೆ ಆಧಾರವಾದ ಸ ಎಷ್ಟು ಎತ್ತರದಲ್ಲಿದೆ ಅನ್ನುವುದು. ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಹೆಂಗಸರು ನಾಲ್ಕೂವರೆಯಿಂದ ಐದೂವರೆ ಮನೆಯಲ್ಲಿ. ಮನೆ ಅಂದರೆ ಹಾರ್ಮೋನಿಯಂನ ಬಿಳಿ ಕೀಗಳ ಲೆಕ್ಕ. ಅರ್ಧ ಬಂದರೆ ನಡುವಿನ ಕಪ್ಪು ಕೀ. ತಂಬೂರಿ ಆ್ಯಪ್‌ನಲ್ಲಿ ಶ್ರುತಿ ಬದಲಿಸುತ್ತಾ ಹಾಡಿನ ಜೊತೆ ಹೊಂದಿಸಿ ನೋಡಿ. ಗಂಡಸಿನ ಧ್ವನಿ ನಾಲ್ಕು ಮನೆಯಲ್ಲಿ ಕೂತು ಚಿಕ್ಕ ಹುಡುಗನಂತೆ ಕೇಳಿಸಿದರೆ ಅದು ವೇಗ ಹೆಚ್ಚಾದ ಪ್ರತಿ ಇರಬಹುದು. ಬೇರೆ ಹುಡುಕಿ.

ಉದ್ದವನ್ನೂ ನೋಡಿ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಎಲ್‌ಪಿಯಲ್ಲಿ ಇಪ್ಪತ್ತು ನಿಮಿಷದವರೆಗೆ. ಕಛೇರಿಯ ಧ್ವನಿಮುದ್ರಣಕ್ಕೆ ಮಿತಿಯೇ ಇಲ್ಲ. ಹೀಗಾಗಿ ಅದೇ ವಿದ್ವಾಂಸರ ಅದೇ ಕೃತಿ ಮೂರು ನಿಮಿಷದ್ದೂ ಸಿಗಬಹುದು, ನಲವತ್ತು ನಿಮಿಷದ್ದೂ ಸಿಗಬಹುದು. ಮೊದಲ ನಾಲ್ಕು ಹಂತಗಳಿಗೆ ಚಿಕ್ಕದನ್ನೇ ಆರಿಸಿ. ಸ್ವಲ್ಪ ಗರಗರ ಸದ್ದಿದ್ದರೂ ಪರವಾಗಿಲ್ಲ.

ಹಂತ 1: ಶ್ರುತಿಗೆ ಕಿವಿ ಕೊಡುವುದು (ಎರಡು ದಿನ)

ಹಾಡು ಬೇಡ. ತಂಬೂರಿ ಆ್ಯಪ್ ಹಾಕಿ, ಕಣ್ಣು ಮುಚ್ಚಿ ಐದು ನಿಮಿಷ ಕೂತುಕೊಳ್ಳಿ. ನಾಲ್ಕು ತಂತಿ: ಪ, ಸ, ಸ, ಕೆಳಗಿನ ಸ. ಮೊದಲ ದಿನ ಸುಮ್ನೆ ಒಂದು ಝೇಂಕಾರ ಅನ್ನಿಸುತ್ತದೆ. ಎರಡನೇ ದಿನ ನಾಲ್ಕನ್ನೂ ಬಿಡಿಸಿ ಕೇಳಲು ನೋಡಿ. ಆಮೇಲೆ ಸ ಜೊತೆ ಮೆಲ್ಲಗೆ "ಅ" ಅಂತ ಧ್ವನಿ ಸೇರಿಸಿ. ನಿಮ್ಮ ಧ್ವನಿ ತಂಬೂರಿಯಲ್ಲಿ ಕರಗಿ, ಬೇರೆಯಾಗಿ ಕೇಳಿಸದೆ ಹೋಗುವ ಒಂದು ಗಳಿಗೆ ಬರುತ್ತದೆ. ಶ್ರುತಿ ಸೇರುವುದು ಅಂದರೆ ಅದೇ.

ಹಾಡಲು ಬಾರದವರೂ ಇದನ್ನು ಮಾಡಬೇಕು. ಸ ಎಲ್ಲಿದೆ ಅಂತ ಗೊತ್ತಿಲ್ಲದೆ ಕೇಳಿದರೆ ರಾಗಗಳು ಬೇರೆ ಬೇರೆ ಅಂತ ಅನ್ನಿಸುವುದೇ ಇಲ್ಲ. "ಎಲ್ಲಾ ಒಂದೇ ಥರ" ಅನ್ನುವ ದೂರು ಹುಟ್ಟುವ ಮೊದಲ ಜಾಗ ಇದು.

ಹಂತ 2: ಮಾತು ಅರ್ಥವಾಗುವ ಎರಡು ಹಾಡು (ಒಂದು ವಾರ)

1. ಜಗದೋದ್ಧಾರನ. ಪುರಂದರದಾಸರದ್ದು, ಕಾಪಿ ರಾಗ, ಆದಿತಾಳ. ಎಂ.ಎಸ್. ಸುಬ್ಬುಲಕ್ಷ್ಮಿಯವರದ್ದನ್ನು ಕೇಳಿ.

2. ಕೃಷ್ಣಾ ನೀ ಬೇಗನೆ ಬಾರೋ. ವ್ಯಾಸರಾಯರದ್ದು, ಯಮುನಾಕಲ್ಯಾಣಿ, ಮಿಶ್ರಛಾಪು. ಕೆ.ವಿ. ನಾರಾಯಣಸ್ವಾಮಿಯವರದ್ದನ್ನು ಕೇಳಿ.

ಕನ್ನಡದವರಿಗೆ ಇದೊಂದು ಅನುಕೂಲ. ಮಾತು ತಿಳಿಯುವುದರಿಂದ ಕಿವಿ ಗಾಬರಿಯಾಗುವುದಿಲ್ಲ. ಮೊದಲ ಸಲ ಮಾತಿಗಾಗಿಯೇ ಕೇಳಿ. ಎರಡನೇ ಸಲದಿಂದ "ಜಗದೋದ್ಧಾರನ"ದ "ಆಡಿಸಿದಳೆಶೋದೆ" ಅನ್ನುವ ಜಾಗವನ್ನೇ ಹಿಡಿದುಕೊಳ್ಳಿ. ಆ ಮಾತು ತಿರುಗಿ ಬಂದಾಗ ಮೊದಲಿನಂತೆಯೇ ಇದೆಯಾ? ಎಲ್ಲಿ ಬಳುಕಿತು? ಎಲ್ಲಿ ನಿಂತಿತು? ಇದಕ್ಕೆ ನಿಮ್ಮದೇ ಮಾತಿನಲ್ಲಿ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಿರಿ.

ಇಲ್ಲಿ ಆಗುವ ತಪ್ಪು: ದೇವರನಾಮ ಹಿತವಾಗಿದೆ ಅಂತ ಅಲ್ಲೇ ಉಳಿದುಬಿಡುವುದು. ಇನ್ನೂ ಇಪ್ಪತ್ತು ದೇವರನಾಮ ಹುಡುಕಿ ಕೇಳುವುದು. ಕೇಳುವುದರಲ್ಲಿ ತಪ್ಪೇನಿಲ್ಲ, ಆದರೆ ಆಗ ಕಿವಿ ಮಾತಿನ ಹಿಂದೆಯೇ ಓಡುವುದನ್ನು ಕಲಿತುಬಿಡುತ್ತದೆ. ಆಮೇಲೆ ತೆಲುಗು, ಸಂಸ್ಕೃತ, ತಮಿಳು ಕೃತಿ ಬಂದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದು ವಾರ ಸಾಕು, ಮುಂದೆ ಹೋಗಿ.

ಹಂತ 3: ಕೈಯಲ್ಲಿ ತಾಳ ಹಾಕುವುದು (ಒಂದು ವಾರ)

3. ವಾತಾಪಿ ಗಣಪತಿಂ. ಮುತ್ತುಸ್ವಾಮಿ ದೀಕ್ಷಿತರದ್ದು, ಹಂಸಧ್ವನಿ, ಆದಿತಾಳ. ಇದನ್ನು ಹಾಡದ ವಿದ್ವಾಂಸರೇ ಇಲ್ಲ ಅನ್ನಬಹುದು. ಯಾರದ್ದಾದರೂ ಸರಿ, ಹತ್ತು ನಿಮಿಷದೊಳಗಿನದ್ದು ಆರಿಸಿ. ಆದರೆ ವಾರ ಪೂರ್ತಿ ಅದೊಂದನ್ನೇ ಕೇಳಿ.

ಆದಿತಾಳಕ್ಕೆ ಎಂಟು ಎಣಿಕೆ. ಬಲಗೈಯಿಂದ ತೊಡೆಯ ಮೇಲೆ ಒಂದು ಪೆಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಎಣಿಸಿ. ನಾಲ್ಕಾಯಿತು. ಮತ್ತೆ ಒಂದು ಪೆಟ್ಟು, ಒಂದು ಹುಸಿ, ಅಂದರೆ ಅಂಗೈ ಮೇಲೆ ಮಾಡುವುದು. ಇನ್ನೊಮ್ಮೆ ಪೆಟ್ಟು, ಹುಸಿ. ಎಂಟಾಯಿತು. ಹಾಡಿಲ್ಲದೆ ಬರೀ ಕೈಯಲ್ಲಿ ಹತ್ತು ಸುತ್ತು ಹಾಕಿ ರೂಢಿ ಮಾಡಿಕೊಳ್ಳಿ. ಆಮೇಲೆ ಹಾಡಿನ ಜೊತೆ ಸೇರಿಸಿ.

ಮೊದಲ ದಿನ ತಪ್ಪಿಹೋಗುತ್ತದೆ. ತಪ್ಪಿದಾಗ ನಿಲ್ಲಿಸಬೇಡಿ, ಪಲ್ಲವಿ ತಿರುಗಿ ಬರುವವರೆಗೆ ಕಾಯ್ದು ಮತ್ತೆ ಸೇರಿಕೊಳ್ಳಿ. ಹಾಡು ಯಾವಾಗಲೂ ಮೊದಲ ಪೆಟ್ಟಿನ ಮೇಲೆಯೇ ಶುರುವಾಗಬೇಕು ಅಂತಿಲ್ಲ. ಎಷ್ಟೋ ಕೃತಿಗಳು ಪೆಟ್ಟಿನ ನಂತರ ಅರ್ಧ ಅಥವಾ ಒಂದೂವರೆ ಎಣಿಕೆ ಬಿಟ್ಟು ಹೊರಡುತ್ತವೆ. ಆ ಹೊರಡುವ ಜಾಗಕ್ಕೆ ಎಡುಪು ಅನ್ನುತ್ತಾರೆ. ಕಛೇರಿಯ ವಿಡಿಯೊ ಸಿಕ್ಕರೆ ಹಾಡುವವರ ಬಲಗೈ ನೋಡಿ, ಸಂಶಯ ಪರಿಹಾರವಾಗುತ್ತದೆ.

ಈಗ ಸಂಗತಿ. "ವಾತಾಪಿ ಗಣಪತಿಂ ಭಜೇಹಂ" ಅನ್ನುವ ಒಂದೇ ಸಾಲನ್ನು ಮೊದಲು ನೇರವಾಗಿ ಹಾಡುತ್ತಾರೆ. ಮುಂದಿನ ಸಲ ಅದರ ಒಂದು ಮೂಲೆಯಲ್ಲಿ ಸಣ್ಣ ಬದಲಾವಣೆ. ಅದಾದ ಮೇಲೆ ಇನ್ನೊಂದು. ಹೀಗೆ ಸಾಲು ಬೆಳೆಯುತ್ತಾ ಹೋಗುತ್ತದೆ. ಇದು ಗೊತ್ತಿಲ್ಲದವರು "ಅದನ್ನೇ ಎಷ್ಟು ಸಲ ಹಾಡ್ತಾರೆ" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಬೆರಳು ಮಡಿಸಿ ಎಣಿಸಿ, ಎಷ್ಟು ಸಂಗತಿ ಸಿಕ್ಕಿತು ಅಂತ ಬರೆದುಕೊಳ್ಳಿ. ನಾಳೆ ಎಣಿಸಿದರೆ ಒಂದೆರಡು ಜಾಸ್ತಿ ಸಿಗುತ್ತವೆ, ಏಕೆಂದರೆ ಇವತ್ತು ಒಂದೇ ಅಂದುಕೊಂಡದ್ದು ನಾಳೆ ಎರಡಾಗಿ ಕೇಳಿಸುತ್ತದೆ. ಆಮೇಲೆ "ಭೂತಾದಿ ಸಂಸೇವಿತ" ಅಂತ ಅನುಪಲ್ಲವಿ (ಪಲ್ಲವಿಯ ನಂತರದ ಭಾಗ) ಬಂದಾಗ ಧ್ವನಿ ಮೇಲಕ್ಕೆ ಏರುತ್ತದೆ. ಅಲ್ಲಿ ಕಣ್ಣು ತಾನಾಗಿ ತೆರೆಯುತ್ತದೆ, ನೋಡಿ.

ಆದಿತಾಳ ಕೈಗೆ ಹತ್ತಿದ ಮೇಲೆ ಹಂತ 2ರ "ಕೃಷ್ಣಾ ನೀ ಬೇಗನೆ"ಗೆ ವಾಪಸ್ ಬನ್ನಿ. ಅದರದ್ದು ಏಳರ ಲೆಕ್ಕ. "ತಕಿಟ ತಕಧಿಮಿ" ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ಕೇಳಿ. ಮೂರು, ನಾಲ್ಕು. ತೂಗುವ ತೊಟ್ಟಿಲು ಒಂದು ಕಡೆ ಸ್ವಲ್ಪ ಜಾಸ್ತಿ ಹೊತ್ತು ನಿಂತ ಹಾಗೆ ಇರುತ್ತದೆ.

ಹಂತ 4: ರಾಗ ಬೇರೆ ಮಾಡಿ ಗುರುತಿಸುವುದು (ಎರಡು ವಾರ)

ಜನ ಬಿಡುವುದು ಜಾಸ್ತಿ ಇಲ್ಲೇ. ಯಾಕೆಂದರೆ ರಾಗಗಳ ಹೆಸರಿನ ಪಟ್ಟಿ ಹಿಡಿದು, 72 ಮೇಳಕರ್ತ (ಮೂಲ ರಾಗಗಳು) ಬಾಯಿಪಾಠ ಮಾಡಲು ಹೊರಡುತ್ತಾರೆ. ಅದೆಲ್ಲ ಈಗ ಬೇಡ. ಎರಡೇ ರಾಗ ಅಕ್ಕಪಕ್ಕ ಇಟ್ಟು ನೋಡೋಣ.

4. ನಿನ್ನುಕೋರಿ. ಮೋಹನ ರಾಗದ ವರ್ಣ (ಅಭ್ಯಾಸಕ್ಕೂ ಕಛೇರಿಯ ಶುರುವಿಗೂ ಹಾಡುವ ರಚನೆ), ಆದಿತಾಳ. ಸಂಗೀತ ಪಾಠಕ್ಕೆ ಹೋದ ಮಕ್ಕಳೆಲ್ಲ ಕಲಿಯುವ ವರ್ಣ ಇದು. ಪಕ್ಕದ ಮನೆಯ ಹುಡುಗಿ ಹಾಡಿದರೂ ಸರಿ, ಮುಂದೆ ಕೂತು ಕೇಳಿ.

ಮೋಹನಕ್ಕೆ ಐದು ಸ್ವರ: ಸ ರಿ ಗ ಪ ದ. ಹಂಸಧ್ವನಿಗೂ ಐದು: ಸ ರಿ ಗ ಪ ನಿ. ಎರಡರಲ್ಲೂ ಮ ಇಲ್ಲ. ಮೊದಲ ನಾಲ್ಕು ಸ್ವರ ಹಾಗೇ ಒಂದೇ. ವ್ಯತ್ಯಾಸ ಇರುವುದು ಕೊನೆಯ ಒಂದು ಸ್ವರದಲ್ಲಿ, ದ ಅಥವಾ ನಿ. ತಂಬೂರಿ ಹಾಕಿಕೊಂಡು, ಕೀಬೋರ್ಡಿನ ಆ್ಯಪ್‌ನಲ್ಲಾದರೂ ಸರಿ, ಎರಡನ್ನೂ ಒತ್ತಿ ನೋಡಿ. ಸ ರಿ ಗ ಪ ದ ಸ. ಸ ರಿ ಗ ಪ ನಿ ಸ. ದ ಇದ್ದಾಗ ಹೆಜ್ಜೆ ನಿಧಾನವಾಗಿ ಮೇಲಿನ ಸ ತಲುಪುತ್ತದೆ. ನಿ ಬಂದಾಗ ಸ ಪಕ್ಕದಲ್ಲೇ ಇದೆ, ಎಳೆದುಕೊಳ್ಳುತ್ತದೆ. ಇಷ್ಟು ಕಿವಿಗೆ ಹತ್ತಿದ ಮೇಲೆ "ನಿನ್ನುಕೋರಿ" ಒಂದು ಸಲ, "ವಾತಾಪಿ" ಒಂದು ಸಲ, ಹೀಗೆ ಒಂದಾದ ಮೇಲೊಂದು ಮೂರು ದಿನ ಕೇಳಿ. ಒಂದೇ ಸ್ವರ ಬದಲಾದರೆ ಮನೆಯೇ ಬೇರೆಯಾಗುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ನಮ್ಮ ಚಿಕ್ಕಪ್ಪನ ಮಗಳು "ಓ!" ಅಂದದ್ದು ಇಲ್ಲಿಯೇ.

5. ಸಾಮಜವರಗಮನ. ತ್ಯಾಗರಾಜರದ್ದು, ಹಿಂದೋಳ, ಆದಿತಾಳ.

6. ಮಾಮವತು ಶ್ರೀ ಸರಸ್ವತಿ. ಮೈಸೂರು ವಾಸುದೇವಾಚಾರ್ಯರದ್ದು, ಅದೂ ಹಿಂದೋಳ, ಆದಿತಾಳ.

ಈಗ ಉಲ್ಟಾ ಅಭ್ಯಾಸ. ಕೃತಿ ಬೇರೆ, ಬರೆದವರು ಬೇರೆ, ರಾಗ ಒಂದೇ. ಎರಡರಲ್ಲೂ ಸಾಮಾನ್ಯವಾಗಿ ಬರುವ ತಿರುವು ಯಾವುದು ಅಂತ ಹುಡುಕಿ. ಹೆಸರು ಬೇಡ, ಗುನುಗಿದರೆ ಸಾಕು. ಆ ಗುನುಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಎಲ್ಲೋ ಬೇರೆ ಕಡೆ ಹಿಂದೋಳ ಬಂದಾಗ ಅದೇ ತಿರುವು ನಿಮ್ಮನ್ನು ಕರೆಯುತ್ತದೆ.

"ಸಾಮಜವರಗಮನ"ವನ್ನು ಎರಡು ಧ್ವನಿಯಲ್ಲಿ ಕೇಳುವುದು ಒಳ್ಳೆಯದು. ಒಂದು ಎಂ.ಡಿ. ರಾಮನಾಥನ್ ಅವರದ್ದು. ತುಂಬಾ ನಿಧಾನ, ಧ್ವನಿ ಕೆಳಗಿನಿಂದ ಬರುತ್ತದೆ. ಇನ್ನೊಂದು ಸಾಮಾನ್ಯ ವೇಗದಲ್ಲಿ ಹಾಡಿದ ಬೇರೆ ಯಾರದ್ದಾದರೂ. ಮೊದಲು ವೇಗದ್ದು, ಆಮೇಲೆ ರಾಮನಾಥನ್. ತಿರುಗಿಸಿ ಕೇಳಿದವರು "ಇದು ಮುಂದೆ ಹೋಗ್ತಾನೇ ಇಲ್ಲ" ಅಂತ ಮಧ್ಯದಲ್ಲೇ ನಿಲ್ಲಿಸಿದ್ದನ್ನು ಕಂಡಿದ್ದೇನೆ. ಹಾದಿ ಗೊತ್ತಿದ್ದವರಿಗೆ ಆ ನಿಧಾನವೇ ಸುಖ.

7. ಭಾವಯಾಮಿ ರಘುರಾಮಂ. ಸ್ವಾತಿ ತಿರುನಾಳರದ್ದು, ರೂಪಕ ತಾಳ, ರಾಗಮಾಲಿಕೆ. ಎಂ.ಎಸ್. ಹಾಡಿದ್ದು ಕೇಳಿ.

ಈ ಹಂತದ ಪರೀಕ್ಷೆ ಇದು. ಪಲ್ಲವಿ, ಅನುಪಲ್ಲವಿ ಸಾವೇರಿಯಲ್ಲಿ. ಆಮೇಲೆ ಆರು ಚರಣ, ರಾಮಾಯಣದ ಆರು ಕಾಂಡ, ಆರು ರಾಗ. ಬಾಲಕಾಂಡ ನಾಟಕುರಂಜಿ, ಅಯೋಧ್ಯೆ ಧನ್ಯಾಸಿ, ಅರಣ್ಯ ಮೋಹನ, ಕಿಷ್ಕಿಂಧೆ ಮುಖಾರಿ, ಸುಂದರ ಪೂರ್ವಿಕಲ್ಯಾಣಿ, ಯುದ್ಧ ಮಧ್ಯಮಾವತಿ. ಕಥೆ ಮೊದಲೇ ಗೊತ್ತಿರುವುದರಿಂದ ಎಲ್ಲಿದ್ದೇವೆ ಅಂತ ತಪ್ಪುವುದಿಲ್ಲ. ನೀವು ಮಾಡಬೇಕಾದದ್ದು ಎರಡು. ರಾಗ ಬದಲಾದ ಕೂಡಲೇ ಕೈ ಎತ್ತಿ. ಮೂರನೇ ಚರಣ ಬಂದಾಗ, ಪುಸ್ತಕ ನೋಡದೆ, ಇದು "ನಿನ್ನುಕೋರಿ"ಯ ರಾಗ ಅಂತ ಗುರುತು ಸಿಗುತ್ತದಾ ನೋಡಿ. ಸಿಕ್ಕರೆ ಹಂತ 5ಕ್ಕೆ ಹೋಗಿ. ಸಿಗದಿದ್ದರೆ ಇನ್ನೊಂದು ನಾಲ್ಕು ದಿನ ಮೋಹನವನ್ನೇ ಕೇಳಿ. ಇದಕ್ಕೆ ನಾಚಿಕೆ ಪಡಬೇಕಿಲ್ಲ. ಎಲ್ಲರಿಗೂ ಸಮಯ ಬೇಕು.

ಹಂತ 5: ಮಾತಿಲ್ಲದೆ ಕೇಳುವುದು (ನಾಲ್ಕು ದಿನ)

8. ರಘುವಂಶ ಸುಧಾ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರದ್ದು, ಕದನಕುತೂಹಲ, ಆದಿತಾಳ. ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೊಫೋನ್ ಅಥವಾ ಯು. ಶ್ರೀನಿವಾಸ್ ಅವರ ಮ್ಯಾಂಡೊಲಿನ್.

ಮೊದಲು ವಾದ್ಯ, ಆಮೇಲೆ ಯಾರಾದರೂ ಹಾಡಿದ್ದು. ಹಾಡಿದ್ದನ್ನು ಕೇಳಿದ ಮೇಲೆ ಮತ್ತೆ ವಾದ್ಯಕ್ಕೆ ಬಂದರೆ ಸ್ಯಾಕ್ಸೊಫೋನ್ ಸಾಹಿತ್ಯವನ್ನೇ ಉಚ್ಚರಿಸುತ್ತಿರುವಂತೆ ಕೇಳಿಸುತ್ತದೆ. ಚುರುಕಾದ ಕೃತಿ, ಬೇಸರ ಬರುವುದಿಲ್ಲ. ಇದು ಹಿಡಿಸಿದರೆ ವಿ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಲಾಲ್ಗುಡಿ ಜಯರಾಮನ್ ಅವರ ಪಿಟೀಲು ಒಂದೊಂದು ಕೇಳಿ. ವೀಣೆಗೆ ಮಾತ್ರ ರಾತ್ರಿ, ಮನೆ ನಿಶ್ಶಬ್ದವಾದ ಮೇಲೆ ಕೂತುಕೊಳ್ಳಿ. ಒಂದು ಸಲ ಮೀಟಿದ ಸ್ವರ ಆರುವ ಮುಂಚೆ ತಂತಿ ಎಳೆದು ಇನ್ನೂ ಎರಡು ಮೂರು ಸ್ವರ ತೆಗೆಯುತ್ತಾರೆ. ಹಗಲಿನ ಗಲಾಟೆಯಲ್ಲಿ ಆ ಬಾಲ ಕೇಳಿಸುವುದೇ ಇಲ್ಲ.

ಹಂತ 6: ಸ್ವರ ಹಾಡುವುದನ್ನು ಹಿಂಬಾಲಿಸುವುದು (ಒಂದು ವಾರ)

9. ಎಂದರೋ ಮಹಾನುಭಾವುಲು. ತ್ಯಾಗರಾಜರ ಐದು ಪಂಚರತ್ನ ಕೃತಿಗಳಲ್ಲೊಂದು, ಶ್ರೀರಾಗ, ಆದಿತಾಳ. ತ್ಯಾಗರಾಜರ ಪುಣ್ಯದಿನವಾದ ಪುಷ್ಯ ಬಹುಳ ಪಂಚಮಿಯ ಆರಾಧನೆಯಲ್ಲಿ ಎಲ್ಲರೂ ಸೇರಿ ಹಾಡಿದ ಗೋಷ್ಠಿ ಗಾಯನ ಹುಡುಕಿ.

ಇದರ ಚರಣಗಳಲ್ಲಿ ಮೊದಲು ಸ್ವರ ಹಾಡುತ್ತಾರೆ, ಕೂಡಲೇ ಅದೇ ಧಾಟಿಗೆ ಸಾಹಿತ್ಯ ಬರುತ್ತದೆ. ಸ್ವರಕ್ಕೂ ಮಾತಿಗೂ ನಂಟು ಏನು ಅಂತ ಇದಕ್ಕಿಂತ ಸುಲಭವಾಗಿ ತೋರಿಸುವ ಕೃತಿ ನನಗೆ ಗೊತ್ತಿಲ್ಲ. ಸಾಹಿತ್ಯ ಮುದ್ರಿಸಿ ಕೈಯಲ್ಲಿ ಇಟ್ಟುಕೊಂಡು ಬೆರಳು ಓಡಿಸಿ.

10. ಎಪ್ಪೋ ವರುವಾರೋ. ಗೋಪಾಲಕೃಷ್ಣ ಭಾರತಿಯವರ ತಮಿಳು ಕೃತಿ, ಜೋನ್‌ಪುರಿ, ಆದಿತಾಳ. ಮಧುರೈ ಮಣಿ ಅಯ್ಯರ್ ಅವರದ್ದೇ ಕೇಳಬೇಕು.

"ಎಂದರೋ"ದ ಸ್ವರಗಳು ಮೊದಲೇ ಕಟ್ಟಿಟ್ಟವು. ಇಲ್ಲಿಯ ಕಲ್ಪನಾಸ್ವರ ಆ ಗಳಿಗೆಯಲ್ಲಿ ಹುಟ್ಟುವಂಥದ್ದು. ಕೈಯಲ್ಲಿ ತಾಳ ಬಿಡಬೇಡಿ. ಸ್ವರ ಹಾಡುತ್ತಾ ಎಷ್ಟು ದೂರ ಹೋದರೂ ಕೊನೆಗೆ ಬಂದು "ಎಪ್ಪೋ" ಅನ್ನುವ ಜಾಗಕ್ಕೆ ಸರಿಯಾಗಿ ಸೇರಿಕೊಳ್ಳುತ್ತಾರೆ. ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು. ಪ್ರತಿ ಸುತ್ತಿಗೂ ಪಿಟೀಲು ಉತ್ತರ ಕೊಡುತ್ತದೆ. ಈಗ ಬಂದು ಸೇರುತ್ತಾರೆ ಅಂತ ನಿಮಗೆ ಮೊದಲೇ ಅನ್ನಿಸಿ, ಹಾಗೇ ಆದರೆ, ಈ ಹಂತ ಮುಗಿಯಿತು.

ಹಂತ 7: ದೊಡ್ಡ ಕೃತಿ, ತುಂಡು ತುಂಡಾಗಿ (ಎರಡು ವಾರ)

11. ಓ ರಂಗಶಾಯಿ. ತ್ಯಾಗರಾಜರದ್ದು, ಕಾಂಬೋಜಿ, ಆದಿತಾಳ. ಎಂ.ಎಸ್. ಕಛೇರಿಯಲ್ಲಿ ಹಾಡಿದ್ದು, ಆಲಾಪನೆ (ಕೃತಿಗೆ ಮುಂಚೆ ಮಾತು, ತಾಳ ಇಲ್ಲದೆ ರಾಗ ಹಾಡುವುದು) ಇರುವುದು.

12. ಚಕ್ಕನಿ ರಾಜ. ಇದೂ ತ್ಯಾಗರಾಜರದ್ದೇ, ಖರಹರಪ್ರಿಯ, ಆದಿತಾಳ. ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್.

ಒಂದೇ ಕೂತಲ್ಲಿ ಕೇಳಬೇಡಿ. ಕಛೇರಿಯ ಮುಖ್ಯ ಕೃತಿಗೆ ಒಂದು ನಕ್ಷೆ ಇದೆ: ಹಾಡುವವರ ರಾಗಾಲಾಪನೆ, ಪಿಟೀಲಿನವರ ಆಲಾಪನೆ, ಕೃತಿ, ನೆರವಲ್, ಕಲ್ಪನಾಸ್ವರ, ತನಿ ಆವರ್ತನ (ಹಾಡು ನಿಲ್ಲಿಸಿ ಮೃದಂಗದಂಥ ತಾಳವಾದ್ಯ ಮಾತ್ರ ನುಡಿಸುವ ಭಾಗ). ಎಷ್ಟನೇ ನಿಮಿಷಕ್ಕೆ ಯಾವುದು ಶುರುವಾಗುತ್ತದೆ ಅಂತ ಮೊದಲು ಗುರುತು ಹಾಕಿಕೊಳ್ಳಿ. ಕೆಲವು ಮುದ್ರಣಗಳಲ್ಲಿ ತನಿಯನ್ನೋ ನೆರವಲನ್ನೋ ಕತ್ತರಿಸಿರುತ್ತಾರೆ. ಆರೂ ಇರುವುದೇ ಸಿಕ್ಕರೆ ಒಳ್ಳೆಯದು.

ಮೊದಲ ದಿನ ಬರೀ ಆಲಾಪನೆ. ತಾಳ ಇಲ್ಲ, ಮಾತಿಲ್ಲ. ಹಿಡಿಯಲು ಏನೂ ಇಲ್ಲ ಅಂತ ಗಾಬರಿ ಬೇಡ. ಹಾಡುವವರು ಎಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ ಅಂತ ಮಾತ್ರ ಗಮನಿಸಿ. ಸಾಮಾನ್ಯವಾಗಿ ಕೆಳಗೆ ಸ್ವಲ್ಪ ಹೊತ್ತು, ನಡುವೆ ಸ್ವಲ್ಪ ಹೊತ್ತು, ಆಮೇಲೆ ಮೇಲಿನ ಸ ಹತ್ತಿ ಅಲ್ಲಿ ನಿಲ್ಲುವುದು, ಅಲ್ಲಿಂದ ಇನ್ನೂ ಮೇಲೆ ಹೋಗಿ ಇಳಿಯುವುದು. ಆ ನಿಲ್ದಾಣಗಳನ್ನು ಬರೆಯಿರಿ.

ಎರಡನೇ ದಿನ ಪಿಟೀಲು. ಮೂರನೇ ದಿನ ಕೃತಿ. ನಾಲ್ಕನೇ ದಿನ ನೆರವಲ್ ಮತ್ತು ಸ್ವರ. ನೆರವಲ್ ಅಂದರೆ ಒಂದೇ ಸಾಲನ್ನು ತೆಗೆದುಕೊಂಡು, ಮಾತನ್ನು ತಾಳದ ಅದೇ ಜಾಗಗಳಲ್ಲಿ ಇಟ್ಟು, ರಾಗವನ್ನು ಮಾತ್ರ ಹೊಸದಾಗಿ ಕಟ್ಟುತ್ತಾ ಹೋಗುವುದು. "ಓ ರಂಗಶಾಯಿ"ಯಲ್ಲಿ ಇದಕ್ಕೆ ತೆಗೆದುಕೊಳ್ಳುವುದು "ಭೂಲೋಕ ವೈಕುಂಠ" ಅನ್ನುವ ಸಾಲು. ಶ್ರೀರಂಗವನ್ನು ಭೂಲೋಕದ ವೈಕುಂಠ ಅನ್ನುವ ಮಾತು. ಅದೇ ಎರಡು ಮಾತು ತಿರುತಿರುಗಿ ಬರುತ್ತವೆ, ಪ್ರತಿ ಸಲವೂ ಇನ್ನೊಂದು ಬಾಗಿಲಿನಿಂದ ಒಳಗೆ ಹೋದ ಹಾಗೆ. ಹಂತ 3ರಲ್ಲಿ ಸಂಗತಿ ಎಣಿಸಿದವರಿಗೆ ಇದು ಕಷ್ಟವಾಗುವುದಿಲ್ಲ. ಎಣಿಸದೆ ನೇರವಾಗಿ ಇಲ್ಲಿಗೆ ಬಂದವರಿಗೆ ಕಷ್ಟ.

ಐದನೇ ದಿನ ತನಿ. ಕೈಯಲ್ಲಿ ತಾಳ ಹಾಕುತ್ತಲೇ ಕೇಳಿ. ಕೊನೆಯಲ್ಲಿ ಒಂದು ಲೆಕ್ಕ ಮೂರು ಸಲ ಬರುತ್ತದೆ. ಮೂರನೆಯದು ಮುಗಿದ ಕೂಡಲೇ ಹಾಡುವವರು ಸಾಲನ್ನು ಎತ್ತಿಕೊಳ್ಳುತ್ತಾರೆ. ಆ ಸೇರುವ ಜಾಗವನ್ನು ಹಿಂದಕ್ಕೆ ಓಡಿಸಿ ಓಡಿಸಿ ನಾಲ್ಕು ಸಲ ಕೇಳಿ.

ಆರನೇ ದಿನ, ಫೋನ್ ದೂರ ಇಟ್ಟು, ಪೂರ್ತಿ.

ದಾರಿ ತಪ್ಪುತ್ತಿದ್ದೀರಿ ಅನ್ನುವ ಸೂಚನೆಗಳು

ವಿದ್ವಾಂಸರ ಹೆಸರು ಇಪ್ಪತ್ತು ಗೊತ್ತು, ಆದರೆ ಒಂದು ಪಲ್ಲವಿಯನ್ನೂ ಗುನುಗಲು ಬರುವುದಿಲ್ಲ. ಹೀಗಿದ್ದರೆ ಹೊಸದನ್ನು ನಿಲ್ಲಿಸಿ, ಹಂತ 3ಕ್ಕೆ ವಾಪಸ್ ಬನ್ನಿ.

ರಾಗದ ಹೆಸರು ನೋಡಿಕೊಂಡೇ ಹಾಡು ಹಾಕುತ್ತೀರಿ. ಎರಡು ವಾರ ನೋಡದೆ ಕೇಳಿ, ಊಹೆ ಬರೆದು, ಆಮೇಲೆ ನೋಡಿ. ಊಹೆ ತಪ್ಪಾದರೂ ಕಿವಿ ಕೆಲಸ ಮಾಡಿರುತ್ತದೆ.

ಹಾಡು ಹಾಕಿದ ಐದು ನಿಮಿಷಕ್ಕೆ ಪ್ರತಿ ದಿನ ನಿದ್ದೆ ಬರುತ್ತದೆ. ಹೊತ್ತು ಬದಲಿಸಿ. ಊಟ ಆದ ಮೇಲೆ ಬೇಡ, ಬೆಳಗ್ಗೆ ಕಾಫಿ ಆದ ಮೇಲೆ ಕೂತು ನೋಡಿ.

ಡೌನ್‌ಲೋಡ್ ಮಾಡಿಟ್ಟದ್ದು ಬೆಳೆಯುತ್ತಲೇ ಇದೆ, ಕೇಳಿದ್ದು ಬೆಳೆಯುತ್ತಿಲ್ಲ. ಹನ್ನೆರಡು ಬಿಟ್ಟು ಉಳಿದದ್ದನ್ನು ಬೇರೆ ಫೋಲ್ಡರ್‌ಗೆ ಹಾಕಿಬಿಡಿ.

ಯಾರು ಯಾರಿಗಿಂತ ದೊಡ್ಡವರು ಅನ್ನುವ ವಾದಕ್ಕೆ ಇಳಿದಿದ್ದೀರಿ. ಆ ವಾದಕ್ಕೆ ಹೋದ ಒಂದು ಗಂಟೆಯಲ್ಲಿ "ವಾತಾಪಿ" ಆರು ಸಲ ಕೇಳಬಹುದಿತ್ತು, ಅಲ್ವಾ?

ಹಂತ 8: ಬೇರೆಯವರಿಗೆ ಹೇಳುವಾಗ

ಅಮ್ಮನಿಗೋ ಸ್ನೇಹಿತರಿಗೋ ನೀವೇ ಪಟ್ಟಿ ಕೊಡುವ ದಿನ ಬರುತ್ತದೆ. ಕೊಡುವ ಮುಂಚೆ ಕೇಳಿ: ಈಗ ಯಾವ ಹಾಡು ಇಷ್ಟ? ಮಾತು ಮುಖ್ಯವಾ, ಧಾಟಿ ಮುಖ್ಯವಾ? ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಮಾತು ಅಂದವರಿಗೆ ದೇವರನಾಮ. ಧಾಟಿ ಅಂದವರಿಗೆ "ರಘುವಂಶ ಸುಧಾ"ದಿಂದಲೇ ಶುರು ಮಾಡಿಸಬಹುದು. ಒಂದು ಸಲಕ್ಕೆ ಒಂದೇ ಕೃತಿ, ಒಂದೇ ಧ್ವನಿಮುದ್ರಿಕೆ ಕಳಿಸಿ. ಅದರ ಜೊತೆ ಒಂದು ಸಾಲು: "ಎರಡನೇ ನಿಮಿಷದಲ್ಲಿ ಧ್ವನಿ ಮೇಲೆ ಹೋಗುತ್ತೆ, ಅದನ್ನು ಕೇಳು." ಯಾವುದಕ್ಕೆ ಕಿವಿ ಕೊಡಬೇಕು ಅಂತ ಹೇಳದೆ ಕಳಿಸಿದ ಕೊಂಡಿಯನ್ನು ಯಾರೂ ಪೂರ್ತಿ ಕೇಳುವುದಿಲ್ಲ.

ಹಂತ 9: ಕಛೇರಿಗೆ ಹೋಗುವುದು

ಹನ್ನೆರಡೂ ಆದ ಮೇಲೆ ಹೋಗಿ, ಅದಕ್ಕಿಂತ ಮುಂಚೆ ಅವಸರ ಬೇಡ. ಬೆಂಗಳೂರಿನವರಿಗೆ ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ಕಛೇರಿಗಳಿವೆ. ಮೈಸೂರಿನವರಿಗೆ ಒಂಟಿಕೊಪ್ಪಲಿನ 8ನೇ ಕ್ರಾಸ್ ಗಣೇಶೋತ್ಸವ. ಚೆನ್ನೈಯಲ್ಲಿ ಡಿಸೆಂಬರ್ ಸೀಸನ್, ಅಂದರೆ ಆ ಹೊತ್ತಿನ ಸಾಲು ಸಾಲು ಕಛೇರಿಗಳು. ಅಮೆರಿಕದಲ್ಲಿ ಇರುವವರಿಗೆ ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಆರಾಧನೆ. ಎಲ್ಲಿಗೂ ಹೋಗಲು ಆಗದವರು ಆಕಾಶವಾಣಿಯ "ರಾಗಂ" ವಾಹಿನಿ ಹಾಕಿಕೊಂಡು, ರಾಗದ ಹೆಸರು ಹೇಳುವ ಮುಂಚೆ ಊಹಿಸುವ ಅಭ್ಯಾಸ ಮಾಡಬಹುದು.

ಶುರುವಾಗುವ ಹತ್ತು ನಿಮಿಷ ಮುಂಚೆ ಹೋಗಿ. ಶ್ರುತಿ ಮಾಡಿಕೊಳ್ಳುವುದನ್ನು ಕೇಳಬೇಕು, ಹಂತ 1 ಅಲ್ಲಿ ನೇರವಾಗಿ ಕಾಣುತ್ತದೆ. ಹಾಡುವವರ ತಾಳದ ಕೈ ಮತ್ತು ಮೃದಂಗದವರ ಎರಡೂ ಕೈ ಕಾಣುವ ಜಾಗದಲ್ಲಿ ಕೂತುಕೊಳ್ಳಿ. ಮೊದಲಿಗೆ ವರ್ಣ ಬರಬಹುದು, ಆಮೇಲೆ ಗಣಪತಿಯ ಕೃತಿ. ಮುಖ್ಯ ಕೃತಿ ಬರುವುದು ಸಾಮಾನ್ಯವಾಗಿ ಒಂದು ಗಂಟೆ ಕಳೆದ ಮೇಲೆಯೇ. ರಾಗ ಗೊತ್ತಾಗದಿದ್ದರೆ ಪಕ್ಕದಲ್ಲಿ ತಾಳ ಹಾಕುತ್ತಾ ಕೂತ ಹಿರಿಯರನ್ನು ಮೆಲ್ಲಗೆ "ಇದು ಯಾವ ರಾಗ ಸರ್?" ಅಂತ ಕೇಳಿ. ಖುಷಿಯಿಂದ ಹೇಳುತ್ತಾರೆ, ಅದೇ ರಾಗದ ಇನ್ನೊಂದು ಕೃತಿಯ ಹೆಸರನ್ನೂ ಸೇರಿಸಿ ಹೇಳುತ್ತಾರೆ. ಅದನ್ನೂ ನೋಟ್‌ಬುಕ್ಕಿಗೆ ಹಾಕಿಕೊಳ್ಳಿ.

ತನಿ ಶುರುವಾದ ಕೂಡಲೇ ಅರ್ಧ ಸಭೆ ಕಾಫಿಗೆ ಏಳುತ್ತದೆ. ನೀವು ಏಳಬೇಡಿ. ಖಾಲಿಯಾದ ಮುಂದಿನ ಸಾಲಿಗೆ ಹೋಗಿ ಕೂತು, ಕೈಯಲ್ಲಿ ಎಂಟು ಎಣಿಸಿ.